ಮಗನಿಗೂ ಸಲಿಗೆ ಕೊಡದ ಮಾಸ್ತರ: ಹೈದರಾಬಾದಿನ ರಹೀಮ್ ಸಾಹೇಬರು

ಚಚಡಿ: ಸವದತ್ತಿ, ಬೈಲಹೊಂಗಲ ಸೀಮೆಯ ಯಾವ ಊರಿಗೆ ಹೋದರೂ ಒಂದು ಆಟ ಮುಗಿದ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ. ಅದು ಕಟ್ಟೆಯ ಮೇಲಿನ ಆಟ. ಯಾರನ್ನು ಯಾಕೆ ಆಡಿಸಿದರು, ಯಾರನ್ನು ಯಾಕೆ ಕೂಡಿಸಿದರು ಅಂತ ರಾತ್ರಿ ಊಟದ ಹೊತ್ತಿನ ತನಕ ತಕರಾರು. ಆಡಿದವ ಯಾರ ಮಗ, ಯಾರ ಅಳಿಯ, ಯಾವ ಓಣಿಯವ ಎಂಬುದೂ ಆ ತಕರಾರಿನೊಳಗೇ ಬರುತ್ತದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲಂತೂ ಫುಟ್ಬಾಲ್ ಹುಚ್ಚಿನ ಹುಡುಗರಿಗೆ ನಮ್ಮದು ಅನ್ನುವ ಕ್ಲಬ್ಬೊಂದು ಸಿಕ್ಕಿತು. ಯಾವ ಆಟಗಾರನನ್ನು ತಂದರು, ಯಾರನ್ನು ಬಿಟ್ಟರು, ಕೋಚ್ ಇರಬೇಕೋ ಹೋಗಬೇಕೋ ಎಂಬ ವಾದಕ್ಕೆ ಕೊನೆಯಿಲ್ಲ. 2018-19ರ ಸಾಲಿನಲ್ಲಿ ಐಎಸ್‌ಎಲ್ ಗೆದ್ದುಕೊಟ್ಟ ಕಾರ್ಲೆಸ್ ಕ್ವಾದ್ರಾತ್ ಅವರೇ 2021ರ ಜನವರಿಯಲ್ಲಿ ಕ್ಲಬ್ಬು ಬಿಡಬೇಕಾಯಿತು. ಸೋತ ಕೋಚಿಗೆ ಗಂಟು ಕಟ್ಟುವುದು ಈಗಿನ ರೂಢಿ.

ಒಬ್ಬ ಕೋಚನ್ನು ಅಳೆಯುವುದು ಹೇಗೆ? ಒಂದು ಪಂದ್ಯದಿಂದಲೋ, ಹತ್ತು ವರ್ಷದಿಂದಲೋ? ಈ ಪ್ರಶ್ನೆಗೆ ಭಾರತದಲ್ಲಿ ಒಬ್ಬ ಮನುಷ್ಯನ ಬದುಕೇ ಉತ್ತರವಾಗಿ ನಿಂತಿದೆ. ಅವರೇ ಸಯ್ಯದ್ ಅಬ್ದುಲ್ ರಹೀಮ್. ಹೈದರಾಬಾದಿನ ಮಂದಿಗೆ ರಹೀಮ್ ಸಾಹೇಬರು. ತೀರಿಕೊಂಡು ಅರವತ್ತು ವರ್ಷಗಳ ಮೇಲಾಯಿತು. 2024ರಲ್ಲಿ ಅಜಯ್ ದೇವಗನ್ ಅವರ ಪಾತ್ರ ಮಾಡಿದ ಮೈದಾನ್ ಎಂಬ ಹಿಂದಿ ಸಿನಿಮಾ ಬಂದ ಮೇಲೆ ಹೆಸರು ಮತ್ತೆ ನಾಲಿಗೆಗೆ ಬಂದಿದೆ. ಆದರೆ ಸಿನಿಮಾದ ರಹೀಮ್ ಬೇರೆ, ಶಾಲೆಯ ಗಂಟೆಗೆ ಎದ್ದು ನಿಲ್ಲುತ್ತಿದ್ದ ಮಾಸ್ತರ ರಹೀಮ್ ಬೇರೆ.

ಶಾಲೆ ಮಾಸ್ತರನ ಕಾಲ್ಚೆಂಡು

ರಹೀಮ್ ಸಾಹೇಬರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮನ ಸಂಸ್ಥಾನ. ನಮ್ಮ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ಅದರೊಳಗೇ ಇದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿಯ ತಂಡಕ್ಕೆ ಆಡಿದರು. ಪದವಿ ಪಡೆದು ಶಾಲೆ ಮಾಸ್ತರರಾದರು. ಕಾಚಿಗುಡ, ಚಾದರಘಾಟ್ ಕಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ಮುಂದೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಆಟದ ಮೈದಾನದ ಹೊಣೆಯನ್ನೂ ಹೊತ್ತರು.

ಮಾಸ್ತರಿಕೆ ಅವರ ಮೈಯಿಂದ ಕೊನೆಯ ತನಕ ಹೋಗಲಿಲ್ಲ. 1943ರಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದಾಗ ಅವರು ಕೈಹಾಕಿದ್ದು ದೊಡ್ಡವರ ಕಪ್ಪಿಗಲ್ಲ, ಸಣ್ಣ ಹುಡುಗರ ಆಟಕ್ಕೆ. ಎತ್ತರ ಅಳೆದು ಸಣ್ಣವರಿಗೇ ಬೇರೆ ಪಂದ್ಯಾವಳಿ ಮಾಡಿಸಿದರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುವಂತಿಲ್ಲ, ಬಂದ ಕೂಡಲೇ ಇನ್ನೊಬ್ಬನಿಗೆ ಕೊಡಬೇಕು ಎಂಬ ಕಟ್ಟಳೆಯ ಪಂದ್ಯಾವಳಿ ಒಂದು. ಬಲಗಾಲಿನವ ಎಡಗಾಲಲ್ಲೇ, ಎಡಗಾಲಿನವ ಬಲಗಾಲಲ್ಲೇ ಆಡಬೇಕು ಎಂಬ ಪಂದ್ಯಾವಳಿ ಇನ್ನೊಂದು. ನೋಡುವವರಿಗೆ ಇದು ಹುಡುಗಾಟಿಕೆಯಂತೆ ಕಂಡರೂ ಅದರ ಲೆಕ್ಕ ಸರಳವಾಗಿತ್ತು. ಒಂದೇ ಕಾಲು ಬಲ್ಲವನನ್ನು ಎದುರಾಳಿ ಒಂದೇ ಕಡೆಯಿಂದ ಕಟ್ಟಿಹಾಕಬಲ್ಲ. ಎರಡೂ ಕಾಲು ಬಲ್ಲವನನ್ನು ಕಟ್ಟಿಹಾಕುವುದು ಕಷ್ಟ. ಗರಡಿಮನೆ ಕಂಡ ಬೆಳಗಾವಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಪಟ್ಟು ಬಲ್ಲ ಪೈಲ್ವಾನ ಒಂದೇ ಜಾತ್ರೆ ಗೆಲ್ಲುತ್ತಾನೆ.

ಅದೇ 1943ರಲ್ಲಿ ಬೆಂಗಳೂರಿನ ಆಶ್ ಗೋಲ್ಡ್ ಕಪ್ ಫೈನಲ್ಲಿನಲ್ಲಿ ಹೈದರಾಬಾದ್ ಪೊಲೀಸ್ ತಂಡ ಬ್ರಿಟಿಷ್ ವಾಯುಪಡೆಯ ತಂಡವನ್ನು ಸೋಲಿಸಿತು. ಎದುರಾಳಿ ತಂಡದಲ್ಲಿ ಇಂಗ್ಲೆಂಡಿನ ಹೆಸರಾಂತ ಆಟಗಾರ ಡೆನಿಸ್ ಕಾಂಪ್ಟನ್ ಇದ್ದರು. ಹೈದರಾಬಾದಿನ ಆಟಕ್ಕೆ ಬಾಗಿಲು ತೆರೆದದ್ದು ಹೀಗೆ ನಮ್ಮ ಕನ್ನಡ ನೆಲದ ಮೇಲೆ.

ಮುಂಬಯಿಯಲ್ಲಿ ಐದು ಸಲ ಡಂಗುರ

1950ರಲ್ಲಿ ರಹೀಮ್ ಸಾಹೇಬರು ಹೈದರಾಬಾದ್ ನಗರ ಪೊಲೀಸ್ ತಂಡದ ಕೋಚ್ ಆದರು. ಸಾಯುವ ತನಕ, ಹದಿಮೂರು ವರ್ಷ, ಆ ತಂಡವನ್ನು ಬಿಡಲಿಲ್ಲ. ತಂಡವೂ ಅವರನ್ನು ಬಿಡಲಿಲ್ಲ.

ಆಗ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, 1956ರ ನವೆಂಬರ್ 1ರ ತನಕ. ಮುಂಬಯಿಯ ರೋವರ್ಸ್ ಕಪ್ ಅಂದರೆ ಈ ಕಡೆಯವರಿಗೂ ರಾಜಧಾನಿಯ ದೊಡ್ಡ ಸುದ್ದಿ. ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರಿನದೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೋರಾ ಪಲ್ಟನ್ನುಗಳ ಕೈಯಿಂದ ಅದನ್ನು ಕಸಿದುಕೊಂಡಿತ್ತು. 1950ರಿಂದ 1954ರ ತನಕ ಸಾಲಾಗಿ ಐದು ವರ್ಷ ಅದೇ ಕಪ್ಪು ರಹೀಮ್ ಸಾಹೇಬರ ಪೊಲೀಸರ ಪಾಲಾಯಿತು. 1950ರಲ್ಲಿ ಡುರಾಂಡ್ ಕಪ್ ಫೈನಲ್ಲಿನಲ್ಲಿ ಕಲಕತ್ತೆಯ ಮೋಹನ್ ಬಾಗಾನನ್ನೇ ಮಣಿಸಿದರು. ಈಗ ರೋವರ್ಸ್ ಕಪ್ಪೇ ನಿಂತುಹೋಗಿದೆ, ಆ ಐದರ ದಾಖಲೆ ಮಾತ್ರ ಉಳಿದಿದೆ.

ಆ ಕಾಲಕ್ಕೆ ಆಟಗಾರರ ವಲಸೆಯ ದಾರಿ ಒಂದೇ ಇತ್ತು. ಎಲ್ಲರೂ ಕಲಕತ್ತೆಗೆ. ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್, ವೆಂಕಟೇಶ್ ಈಸ್ಟ್ ಬೆಂಗಾಲಿಗೆ ಹೋಗಿ ಪಂಚ ಪಾಂಡವರು ಎಂಬ ಬಿರುದಿನಲ್ಲಿ ಪಾಲುದಾರರಾದರು. ಹೈದರಾಬಾದಿನಿಂದಲೂ ಒಳ್ಳೊಳ್ಳೆಯ ಹುಡುಗರು ಗಂಟುಮೂಟೆ ಕಟ್ಟಿದರು. ಸಿಕಂದರಾಬಾದಿನ ಅಮ್ಮುಗುಡದ ಬಡ ಹುಡುಗ ತುಳಸಿದಾಸ್ ಬಲರಾಮ್ ರಹೀಮ್ ಸಾಹೇಬರ ಕಣ್ಣಿಗೆ ಬಿದ್ದು ದೊಡ್ಡ ಆಟಗಾರನಾದ. ಆಮೇಲೆ ಈಸ್ಟ್ ಬೆಂಗಾಲ್ ಸೇರಿದ. ಬೆಳೆಸಿದ ಫಸಲನ್ನು ಬೇರೆಯವರು ಒಯ್ದರೆ ಯಾವ ರೈತನಿಗೂ ಹೊಟ್ಟೆ ಉರಿಯುವುದು ಸಹಜ. ರಹೀಮ್ ಸಾಹೇಬರು ಮತ್ತೆ ಬಿತ್ತಿದರು. 1954, 1957 ಮತ್ತು 1961ರಲ್ಲಿಯೂ ಅವರ ಪೊಲೀಸರು ಡುರಾಂಡ್ ಗೆದ್ದದ್ದು ಹೊಸ ಹುಡುಗರ ಬಲದಿಂದ.

ಹತ್ತು ಗೋಲಿನ ಅವಮಾನ

ದೇಶದ ತಂಡದ ಹೊಣೆ ಬಂದದ್ದೂ ಇದೇ ಹೊತ್ತಿಗೆ. 1951ರಲ್ಲಿ ದಿಲ್ಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆಯಿತು. ಶೈಲೇನ್ ಮನ್ನಾ ನಾಯಕರು. ಫೈನಲ್ಲಿನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನ್ ಸೋತು ಭಾರತಕ್ಕೆ ಚಿನ್ನ ಬಂತು. ಊರೆಲ್ಲ ಪೇಢೆ ಹಂಚುವ ಹೊತ್ತು.

ಮರು ವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್. 1952ರ ಜುಲೈ 15ರಂದು ಯುಗೊಸ್ಲಾವಿಯದ ಎದುರು ಭಾರತ 10-1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ಚಳಿ ನೆಲದ ಮೇಲೆ, ಬೂಟು ಹಾಕಿದ ಗಟ್ಟಿ ಆಳುಗಳ ಎದುರು ಬರಿಗಾಲಿನ ಜಾಣತನ ನಡೆಯಲಿಲ್ಲ. ಭಾರತದ ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಹೊಡೆದದ್ದು, ಅಷ್ಟೇ ಸಮಾಧಾನ.

ಈಗಿನ ಕಾಲವಾಗಿದ್ದರೆ ಮರುದಿನ ಬೆಳಗಾಗುವುದರೊಳಗೆ ಕೋಚ್ ಮನೆಗೆ ಹೋಗುತ್ತಿದ್ದ. ರಹೀಮ್ ಸಾಹೇಬರು ಆ ಸೋಲನ್ನು ಮಾಸ್ತರನ ಹಾಗೆ ತಿದ್ದಲು ಕೂತರು. ಬೂಟು ಕಡ್ಡಾಯವಾಯಿತು. ಅದೇ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಹಂಗೇರಿಯ ಆಟದಿಂದಲೂ ಅವರು ಪಾಠ ತಕ್ಕೊಂಡರು. ನಡುವಿನ ಮುನ್ನಡೆ ಆಟಗಾರ ಗೋಲಿನ ಬಾಯಿಗೆ ನಿಲ್ಲದೆ ಹಿಂದಕ್ಕೆ ಸರಿದು ನಿಂತರೆ, ಅವನನ್ನು ಕಾಯುವ ಎದುರಾಳಿಗೆ ತಲೆ ಕೆಡುತ್ತದೆ. ಹಿಂದೆ ಹೋದರೆ ಗೋಲಿನ ಮುಂದೆ ಬಯಲು, ಹೋಗದಿದ್ದರೆ ಅವನಿಗೆ ಬಿಡುವು. ಈ ಹಂಗೇರಿಯ ಲೆಕ್ಕವನ್ನು ಹೈದರಾಬಾದಿನ ಮಾಸ್ತರ ನಮ್ಮ ಹುಡುಗರಿಗೆ ಕಲಿಸಿದರು.

ನಾಲ್ಕು ವರ್ಷ ಕಳೆದು 1956ರ ಮೆಲ್ಬೋರ್ನ್ ಒಲಿಂಪಿಕ್ಸ್ ಬಂತು. ಆತಿಥೇಯ ಆಸ್ಟ್ರೇಲಿಯವನ್ನು ಭಾರತ 4-2ರಿಂದ ಸೋಲಿಸಿತು. ಪಕ್ಕದ ಗೋವೆ ಮೂಲದ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಏಷ್ಯನ್ ಅವರು. ಸೆಮಿಫೈನಲ್ಲಿನಲ್ಲಿ ಮತ್ತೆ ಅದೇ ಯುಗೊಸ್ಲಾವಿಯ. ಈ ಸಲ ಮೊದಲ ಗೋಲು ಭಾರತದ್ದು! ಕೊನೆಗೆ 4-1ರಿಂದ ಸೋತರೂ, ಹತ್ತು ಗೋಲು ತಿಂದ ತಂಡವೇ ಇದು ಎಂದು ನಂಬುವವರಿರಲಿಲ್ಲ. ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಅದಕ್ಕಿಂತ ಮೇಲಕ್ಕೆ ನಮ್ಮ ಫುಟ್ಬಾಲ್ ಒಲಿಂಪಿಕ್ಸಿನಲ್ಲಿ ಹೋಗಿಯೇ ಇಲ್ಲ.

ಮಗನ ವಿಚಾರ

ಕಟ್ಟೆ ಹರಟೆಯಲ್ಲಿ ಕಾವು ಏರುವುದು ಆಯ್ಕೆಯ ಮಾತು ಬಂದಾಗ. 1960ರ ರೋಮ್ ಒಲಿಂಪಿಕ್ಸಿನ ಗುಂಪು ಕಠಿಣವಾಗಿತ್ತು: ಹಂಗೇರಿ, ಫ್ರಾನ್ಸ್, ಪೆರು. ಹಂಗೇರಿಯ ಎದುರು 2-1ರಿಂದಷ್ಟೇ ಸೋಲು. ಆ ಒಂದು ಗೋಲು ಬಲರಾಮ್ ಅವರದು. ಫ್ರಾನ್ಸ್ ಎದುರು ನಾಯಕ ಪಿ.ಕೆ. ಬ್ಯಾನರ್ಜಿ ಹೊಡೆದ ಗೋಲಿನಿಂದ 1-1ರ ಸಮ. ಪೆರು ಎದುರು 3-1ರಿಂದ ಸೋತು ತಂಡ ಮನೆಗೆ ಬಂತು.

ಆ ತಂಡದೊಂದಿಗೆ ರೋಮಿಗೆ ಹೋದವರಲ್ಲಿ ರಹೀಮ್ ಸಾಹೇಬರ ಮಗ ಸಯ್ಯದ್ ಶಾಹಿದ್ ಹಕೀಂ ಕೂಡ ಒಬ್ಬರು. ಮುಂದೆ ಇವರು ಅಂತರರಾಷ್ಟ್ರೀಯ ರೆಫರಿಯೂ ಆಗಿ ಹೆಸರು ಮಾಡಿ 2021ರಲ್ಲಿ ತೀರಿಕೊಂಡರು. ಮೂರು ಪಂದ್ಯ ನಡೆದವು. ಮೂರರಲ್ಲಿ ಒಂದರಲ್ಲಿಯೂ ತಂದೆ ಮಗನನ್ನು ಮೈದಾನಕ್ಕೆ ಇಳಿಸಲಿಲ್ಲ. 1962ರ ಏಷ್ಯನ್ ಕೂಟದ ತಂಡದಲ್ಲಂತೂ ಮಗನ ಹೆಸರೇ ಇರಲಿಲ್ಲ. ಒಲಿಂಪಿಕ್ಸಿನಲ್ಲಿ ಒಂದು ಪಂದ್ಯ ಆಡಿದೆ ಅಂತ ಹೇಳಿಕೊಳ್ಳುವ ಭಾಗ್ಯ ಮಗನಿಗೆ ಸಿಗಲಿಲ್ಲ. ಆ ಭಾಗ್ಯ ಕೊಡುವ ಅಧಿಕಾರ ತಂದೆಯ ಕೈಯಲ್ಲೇ ಇತ್ತು. ಮನೆಯಲ್ಲಿ ಊಟಕ್ಕೆ ಎದುರು ಬದುರು ಕೂಡುವ ತಂದೆ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಮಗನಿಗೇ ಸಲಿಗೆ ಇಲ್ಲದ ಮೇಲೆ ಬೇರೆಯವರು ಬಾಯಿ ತೆರೆಯುವಂತಿರಲಿಲ್ಲ. ಚುನಿ ಗೋಸ್ವಾಮಿ ಮೋಹನ್ ಬಾಗಾನಿನವರು, ಬಲರಾಮ್ ಈಸ್ಟ್ ಬೆಂಗಾಲಿನವರು, ಪಿ.ಕೆ. ಬ್ಯಾನರ್ಜಿ ಈಸ್ಟರ್ನ್ ರೈಲ್ವೆಯವರು. ಕಲಕತ್ತೆಯಲ್ಲಿ ಈ ತಂಡಗಳ ಅಭಿಮಾನಿಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ರಹೀಮ್ ಸಾಹೇಬರ ಕೈಯಲ್ಲಿ ಮೂವರೂ ಒಂದೇ ನೇಗಿಲಿಗೆ ಹೂಡಿದ ಎತ್ತುಗಳ ಹಾಗೆ ನಡೆದರು. ಬೆಂಗಳೂರಿನ ಕೆಂಪಯ್ಯನವರೂ ಇದೇ ಮಾಸ್ತರರ ಕೈಯಲ್ಲಿ ಮೆಲ್ಬೋರ್ನ್, ರೋಮ್ ಎರಡನ್ನೂ ಕಂಡವರು.

ಜಕಾರ್ತದ ಜೂಜು

1962ರ ಜಕಾರ್ತ ಕೂಟದ ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ 2-0ರಿಂದ ಭಾರತವನ್ನು ಬಗ್ಗಿಸಿತು. ಆಮೇಲೆ ಥಾಯ್ಲೆಂಡ್, ಜಪಾನ್ ಎರಡನ್ನೂ ಗೆದ್ದರು. ಆದರೆ ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣೆಯ ಕಂಬವಾಗಿದ್ದ ಜರ್ನೇಲ್ ಸಿಂಗರ ತಲೆ ಒಡೆದು ಹೊಲಿಗೆ ಬಿದ್ದವು. ಹಿಂದೆ ನಿಂತು ತಲೆಯಿಂದ ಚೆಂಡು ತಡೆಯುವ ಕೆಲಸ ಅವರಿಂದ ಆಗುವಂತಿರಲಿಲ್ಲ.

ಯಾವ ಅಭಿಮಾನಿಯೂ ಊಹಿಸದ ಕೆಲಸವನ್ನು ಕೋಚ್ ಮಾಡಿದರು. ಜರ್ನೇಲ್ ಕಾಲೇಜು ದಿನಗಳಲ್ಲಿ ಮುಂದೆ ಆಡಿದವರು. ಹಿಂದಿನವನನ್ನು ತಂದು ಮುಂದೆ ನಿಲ್ಲಿಸಿದರು. ಸೆಮಿಫೈನಲ್ಲಿನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3-2ರ ಗೆಲುವು. ಜರ್ನೇಲ್ ಕೂಡ ಒಂದು ಗೋಲು ಹೊಡೆದರು.

ಸೆಪ್ಟೆಂಬರ್ 4, ಫೈನಲ್. ಎದುರಿಗೆ ಮತ್ತೆ ದಕ್ಷಿಣ ಕೊರಿಯ. ಇಸ್ರೇಲ್ ಮತ್ತು ತೈವಾನ್ ದೇಶದವರಿಗೆ ಇಂಡೋನೇಷ್ಯ ಪ್ರವೇಶ ಕೊಡದ್ದನ್ನು ಭಾರತದ ಕ್ರೀಡಾ ಧುರೀಣ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಕೆಂಡ ಕಾರುತ್ತಿದ್ದರು. ಸುಮಾರು ಒಂದು ಲಕ್ಷ ಮಂದಿ ಸೇರಿದ ಮೈದಾನ, ಎಲ್ಲರೂ ವಿರೋಧಿಗಳು. ಪಾಕಿಸ್ತಾನದ ಹಾಕಿ ಆಟಗಾರರು ಭಾರತದ ಪರ ಕೂಗಿದ್ದು ಆ ದಿನದ ವಿಶೇಷ. ಗೋಲಿನಲ್ಲಿ ಫ್ಲೂ ಜ್ವರದಿಂದ ಎದ್ದುಬಂದ ತಂಗರಾಜ್, ಮುಂದೆ ತಲೆಗೆ ಪಟ್ಟಿ ಕಟ್ಟಿದ ಜರ್ನೇಲ್. ಹದಿನೇಳನೆಯ ನಿಮಿಷಕ್ಕೆ ಪಿ.ಕೆ., ಇಪ್ಪತ್ತನೆಯ ನಿಮಿಷಕ್ಕೆ ಜರ್ನೇಲ್! ಕೊರಿಯ ಒಂದನ್ನು ತಿರುಗಿಸಿದ್ದು ಆಟ ಮುಗಿಯುವ ಹೊತ್ತಿಗೆ. 2-1. ಚುನಿ ಗೋಸ್ವಾಮಿಯ ತಂಡಕ್ಕೆ ಚಿನ್ನ.

ಉಳಿದದ್ದು

ಆ ಚಿನ್ನ ಬಂದು ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು, ಕ್ಯಾನ್ಸರ್ ರೋಗದಿಂದ ರಹೀಮ್ ಸಾಹೇಬರು ತೀರಿಕೊಂಡರು. ವಯಸ್ಸು ಐವತ್ತಮೂರು. ಅವರ ನಂತರ ಭಾರತದ ಪುರುಷರ ಫುಟ್ಬಾಲ್ ತಂಡ ಒಲಿಂಪಿಕ್ಸಿನ ಬಾಗಿಲು ದಾಟಿಲ್ಲ. ಏಷ್ಯನ್ ಕೂಟದಲ್ಲಿ 1970ರಲ್ಲಿ ಒಂದು ಕಂಚು ಬಂತು, ಚಿನ್ನ ಮತ್ತೆ ಬರಲಿಲ್ಲ. ಒಬ್ಬ ಮನುಷ್ಯ ಹೋದದ್ದೇ ಇದಕ್ಕೆಲ್ಲ ಕಾರಣ ಅನ್ನುವುದು ಅತಿಯಾದೀತು. ಆದರೆ ಎಡಗಾಲಿನ ಪಂದ್ಯಾವಳಿ ಮಾಡಿಸುವ ಮಾಸ್ತರರು ಕಡಿಮೆಯಾದದ್ದು ಖರೆ. ಕಪ್ಪು ಎಲ್ಲರಿಗೂ ಬೇಕು, ಸಣ್ಣ ಹುಡುಗರ ಎತ್ತರ ಅಳೆಯುವ ಕೆಲಸ ಯಾರಿಗೂ ಬೇಡ.

ಬೆಳಗಾವಿಯ ಲೇಲೆ ಮೈದಾನದಲ್ಲಿ ಇರಲಿ, ಚಚಡಿಯ ಶಾಲೆ ಬಯಲಲ್ಲಿ ಇರಲಿ, ತಂಡದ ಹೆಸರು ಬರೆಯುವ ಚೀಟಿ ಯಾರ ಕೈಯಲ್ಲಿ ಇರುತ್ತದೋ ಅವರಿಗೆ ಈ ಮಾಸ್ತರನ ಬದುಕು ಒಂದು ಅಳತೆಗೋಲು. ಚೀಟಿಯಲ್ಲಿ ಮಗನ ಹೆಸರು ಬರೆಯುವ ಮೊದಲು ಆ ಮಗ ಎರಡೂ ಕಾಲಲ್ಲಿ ಆಡುತ್ತಾನೋ ಇಲ್ಲವೋ ನೋಡಬೇಕು. ಕಟ್ಟೆಯ ಮೇಲೆ ಕೂತು ಕೋಚನ್ನು ಮನೆಗೆ ಕಳಿಸುವ ಅಭಿಮಾನಿಗಳೂ ಒಂದು ಲೆಕ್ಕ ಇಟ್ಟುಕೊಳ್ಳಬೇಕು: ಹತ್ತು ಗೋಲಿನ ಸೋಲಿಗೂ ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನಕ್ಕೂ ನಡುವೆ ಇದ್ದದ್ದು ಬರೇ ನಾಲ್ಕು ವರ್ಷ, ಮತ್ತು ಒಬ್ಬನೇ ಮಾಸ್ತರ.