ಊರೂರ ಕಥೆ ಬರೆಸಿಕೊಂಡ ಕರ್ನಲ್ ಮೆಕೆಂಜಿ

ಕನ್ನಡ ನಾಡಿನ ಹಳ್ಳಿಗಳ ಹಳೆಯ ಸಂಗತಿ ಹುಡುಕಿ ಹೊರಟವರಿಗೆ ಒಂದಲ್ಲ ಒಂದು ಕಡೆ ಕಾಲಿನ್ ಮೆಕೆಂಜಿಯ ಹೆಸರು ಎದುರಾಗುತ್ತದೆ. ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದ ಪಠ್ಯಪುಸ್ತಕದಲ್ಲಿ ಆತನಿಗೆ ಒಂದು ಸಾಲಿಗಿಂತ ಹೆಚ್ಚು ಜಾಗವಿರಲಿಲ್ಲ. ಕೈಫಿಯತ್ತುಗಳನ್ನು ಸಂಗ್ರಹಿಸಿದ ಬ್ರಿಟಿಷ್ ಅಧಿಕಾರಿ, ಅಷ್ಟೇ. ನಿವೃತ್ತನಾದ ಮೇಲೆ ಪುರುಸೊತ್ತಿನಲ್ಲಿ ಓದಿದಾಗ ಆ ಒಂದು ಸಾಲಿನ ಹಿಂದೆ ದೊಡ್ಡ ಕಥೆಯೇ ಇದೆಯೆಂದು ತಿಳಿಯಿತು. ಹಳೆಯ ವಸ್ತು ಕಂಡರೆ ಅದನ್ನು ಏನು ಮಾಡಬೇಕು, ಅದು ಯಾರದು ಎಂಬ ಪ್ರಶ್ನೆ ನಮ್ಮ ಊರುಗಳಲ್ಲಿ ಈಗಲೂ ಏಳುತ್ತಿರುವುದರಿಂದ ಆ ಕಥೆಯನ್ನು ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಬರೆಯುತ್ತಿದ್ದೇನೆ.

ಮೆಕೆಂಜಿ ಹುಟ್ಟಿದ್ದು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಬಂದರು ಊರಿನಲ್ಲಿ, 1754ರ ಆಸುಪಾಸಿನಲ್ಲಿ. ಅಲ್ಲಿಯೇ ಸುಂಕದ ಕಚೇರಿಯಲ್ಲಿ ಕೆಲಸಕ್ಕಿದ್ದ. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ಮದರಾಸಿಗೆ ಬಂದಾಗ ಆತನಿಗೆ ಮೂವತ್ತರ ಹತ್ತಿರದ ವಯಸ್ಸು. ಮತ್ತೆ ತವರಿಗೆ ಹೋಗಲೇ ಇಲ್ಲ. ಬರುವ ಮೊದಲೇ ಆತನಿಗೊಂದು ಹುಚ್ಚು ಹಿಡಿದಿತ್ತು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್‌ನ ವಂಶದವರೊಬ್ಬರು ಆ ಪೂರ್ವಿಕನ ಜೀವನಚರಿತ್ರೆ ಬರೆಯುತ್ತಿದ್ದರು. ಹಿಂದೂಗಳ ಗಣಿತದ ಬಗ್ಗೆ ವಿಷಯ ಕಲೆಹಾಕಲು ಅವರಿಗೆ ಮೆಕೆಂಜಿ ನೆರವಾಗುತ್ತಿದ್ದ. ಹತ್ತನೇ ತರಗತಿ ದಾಟಿದ ಮೇಲೆ ಲಾಗರಿದಮ್ ಕೋಷ್ಟಕ ಹಿಡಿದು ಒದ್ದಾಡಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದು ತಮಾಷೆಯಾಗಿ ಕಾಣಬಹುದು.

ಆತ ವೃತ್ತಿಯಿಂದ ಸೈನ್ಯದ ಎಂಜಿನಿಯರು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದ. ಟಿಪ್ಪು ಬಿದ್ದ ಮೇಲೆ ಅರಮನೆಯ ಪುಸ್ತಕ ಭಂಡಾರ ಕಲ್ಕತ್ತೆಗೂ ಲಂಡನ್ನಿಗೂ ಹೋಯಿತು, ಮರದ ಹುಲಿಯೂ ಲಂಡನ್ನಿಗೆ ಹೋಯಿತು. ರಾಜ್ಯವನ್ನು ಹಂಚಿಕೊಂಡವರಿಗೆ ಗಡಿ ಎಲ್ಲಿ ಎಂದು ತಿಳಿಯಬೇಕಿತ್ತು. ಹಾಗಾಗಿ ಮೈಸೂರು ಸೀಮೆಯ ಸರ್ವೆ ಮೆಕೆಂಜಿಯ ಪಾಲಿಗೆ ಬಂತು. ಸುಮಾರು 40,000 ಚದರ ಮೈಲಿ ನೆಲ. ಕಾಡುಜ್ವರ ಆತನನ್ನೂ ಜೊತೆಯವರನ್ನೂ ಹಣ್ಣು ಮಾಡಿತು. ಹಂಪೆಯ ಹಾಳೂರಿನ ಮೊದಲ ನಕ್ಷೆ ತಯಾರಾದದ್ದೂ ಈ ಹೊತ್ತಿನಲ್ಲೇ.

ಕಂಪನಿಗೆ ಬೇಕಾದದ್ದು ನಕ್ಷೆ, ಕೆರೆ ಕಾಲುವೆ, ಊರುಮನೆಗಳ ಲೆಕ್ಕ. ಮೆಕೆಂಜಿ ಅದರ ಜೊತೆಗೆ ಇನ್ನೊಂದನ್ನು ಸೇರಿಸಿದ. ಈ ಊರು ಯಾವಾಗ ಕಟ್ಟಿದ್ದು, ಯಾವ ಪಾಳೆಯಗಾರ ಆಳಿದ, ದೇವಸ್ಥಾನ ಯಾರು ಕಟ್ಟಿಸಿದರು, ಶಾಸನ ಎಲ್ಲಿದೆ ಎಂದು ಕೇಳಿಸಿ, ಶಾನುಭೋಗರಿಂದ, ಹಿರಿಯರಿಂದ, ಮಠದವರಿಂದ ಉತ್ತರ ಬರೆಸಿದ. ಹಾಗೆ ಬರೆಸಿದ ಹೇಳಿಕೆಯೇ ಕೈಫಿಯತ್ತು. ಇದಕ್ಕೆ ಸರಕಾರದ ಹಣ ಸಾಲದೆ ಸ್ವಂತ ಸಂಬಳವನ್ನೂ ಸುರಿದ.

ವಿಚಿತ್ರವೆಂದರೆ ಆತನಿಗೆ ನಮ್ಮ ಯಾವ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ. ಕೆಲಸ ನಡೆಸಿದವರು ಬೇರೆ. ಅವರಲ್ಲಿ ಮೊದಲಿಗ ಏಲೂರಿನ ತೆಲುಗು ಬ್ರಾಹ್ಮಣ ಕಾವಲಿ ವೆಂಕಟ ಬೋರಯ್ಯ. 1796ರಲ್ಲಿ ಕೆಲಸಕ್ಕೆ ಸೇರಿದಾಗ ಇನ್ನೂ ಹುಡುಗ. ಹಳಗನ್ನಡ ಶಾಸನದ ಲಿಪಿಯನ್ನು ಬಿಡಿಸಿ ಓದಿದ, ಜೈನ ಗುರುಗಳ ಬಳಿ ಕುಳಿತು ಅವರ ಮತದ ವಿಚಾರ ಕೇಳಿ ಅನುವಾದಿಸಿಕೊಟ್ಟ. ಅದು 1807ರಲ್ಲಿ ಮೆಕೆಂಜಿಯ ಮೂಲಕ ಅಚ್ಚಾಯಿತು. ಅಷ್ಟು ಹೊತ್ತಿಗೆ ಬೋರಯ್ಯ ಇರಲಿಲ್ಲ, 1803ರಲ್ಲೇ ತೀರಿಕೊಂಡಿದ್ದ. ಹಿಂದೂ ವಿದ್ಯೆಯ ಬಾಗಿಲು ತೆರೆದವನು ಈ ಬೋರಯ್ಯನೇ ಎಂದು ಮೆಕೆಂಜಿ ಕೊನೆಯವರೆಗೂ ಒಪ್ಪಿಕೊಳ್ಳುತ್ತಿದ್ದ, ಆ ಮಟ್ಟಿಗೆ ಮೆಚ್ಚಬೇಕು. ಅಣ್ಣನ ಜಾಗಕ್ಕೆ ತಮ್ಮ ಲಕ್ಷ್ಮಯ್ಯ ಬಂದ. ಚಾಮರಾಜನಗರದ ಬಳಿಯ ಕನಕಗಿರಿಯಲ್ಲಿ 1804ರಲ್ಲಿ ಮೆಕೆಂಜಿಯನ್ನು ಕಂಡ ದೇವಚಂದ್ರನೆಂಬ ಜೈನ ಪಂಡಿತ ಮುಂದೆ ರಾಜಾವಳಿ ಕಥೆ ಬರೆದದ್ದಕ್ಕೆ ಈ ಸಂಪರ್ಕವೇ ಬೀಜ.

ಇಲ್ಲಿ ಒಂದು ಮಾತು. ಸಹಾಯಕರು ಊರಿಗೆ ಬಂದಾಗ ಜನ ಸಂತೋಷದಿಂದ ಎಲ್ಲವನ್ನೂ ಹೇಳಿದರೆಂದು ತಿಳಿಯಬಾರದು. ನಮಗೆ ತಾಮ್ರಪಟ ಹಳೆಯ ಕಾಲದ ವಸ್ತು. ಅದನ್ನು ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದ ಮನೆಯವರಿಗೆ ಅದು ಜಮೀನಿನ ಪತ್ರ. ಇನಾಮಿಗೆ ಇದ್ದ ಒಂದೇ ಆಧಾರ. ನಿನ್ನೆ ಮೊನ್ನೆ ರಾಜ್ಯ ಗೆದ್ದ ಕಂಪನಿಯ ಕಡೆಯವನು ಬಂದು ಅದನ್ನು ತೋರಿಸಿ ಎಂದರೆ, ಇವನು ಕಂದಾಯ ಹಾಕಲು ಬಂದನೋ ಇನಾಂ ಕಿತ್ತುಕೊಳ್ಳಲು ಬಂದನೋ ಎಂಬ ದಿಗಿಲು ಸಹಜ. ಹಲವು ಕಡೆ ಜನ ಅನುಮಾನಪಟ್ಟರು, ಮುಚ್ಚಿಟ್ಟರು. ಕೊಟ್ಟವರೂ ಎಷ್ಟು ಮನಸ್ಸಿನಿಂದ ಕೊಟ್ಟರು, ಎಷ್ಟು ಭಯದಿಂದ ಕೊಟ್ಟರು? ಸೈನ್ಯದ ಮನುಷ್ಯನಿಗೆ ಇಲ್ಲ ಎನ್ನುವ ಧೈರ್ಯ ಶಾನುಭೋಗನಿಗೆ ಎಲ್ಲಿಂದ ಬರಬೇಕು? ಆದರೂ ಮೈಸೂರು ಸೀಮೆಯಲ್ಲಿ ಆತನ ಜನ ಮುಖ್ಯವಾಗಿ ಮಾಡಿದ್ದು ನಕಲು. ಕಲ್ಲು ಬಹುಪಾಲು ಅಲ್ಲೇ ಉಳಿಯಿತು, ಅದರ ಮೇಲಿನ ಅಕ್ಷರ ಕಾಗದಕ್ಕೆ ಇಳಿಯಿತು.

ಆಂಧ್ರದ ಅಮರಾವತಿಯ ಕಥೆ ಬೇರೆ. ಅಲ್ಲಿ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಎಂಬ ಜಮೀನ್ದಾರ ಹೊಸ ಊರು ಕಟ್ಟಿಸುತ್ತ, ದೀಪಾಲದಿನ್ನೆ ಎಂಬ ದಿಬ್ಬವನ್ನು ಇಟ್ಟಿಗೆ, ಕಲ್ಲಿಗಾಗಿ ಅಗೆಸುತ್ತಿದ್ದ. ಅದು ಎರಡು ಸಾವಿರ ವರ್ಷದ ಬೌದ್ಧ ಸ್ತೂಪವೆಂದು ಯಾರಿಗೂ ಗೊತ್ತಿರಲಿಲ್ಲ. ಕೆತ್ತನೆಯ ಚಪ್ಪಡಿಗಳು ಮೆಟ್ಟಿಲಾದವು, ಗೋಡೆಯಾದವು, ಸುಟ್ಟು ಸುಣ್ಣವೂ ಆದವು. ಮೆಕೆಂಜಿ 18ನೇ ಶತಮಾನದ ಕೊನೆಗೆ ಅಲ್ಲಿಗೆ ಹೋಗಿದ್ದ. 1816ರಲ್ಲಿ ಮತ್ತೆ ಹೋದಾಗ ದಿಬ್ಬದ ನಡುವೆ ಹೊಂಡ ತೋಡಲಾಗಿತ್ತು. ಉಳಿದ ಕಲ್ಲುಗಳ ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ಅಳತೆ ಸಮೇತ ಬರೆಸಿದ; ಕೆಲವು ಕಲ್ಲುಗಳನ್ನು ಹೊರಕ್ಕೆ ಸಾಗಿಸಿದ. ಆ ಚಿತ್ರಗಳಲ್ಲಿರುವ ಎಷ್ಟೋ ಕಲ್ಲುಗಳು ಇಂದು ಎಲ್ಲಿಯೂ ಇಲ್ಲ. ಮುಂದೆ 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಸಿ ತೆಗೆದ ಚಪ್ಪಡಿಗಳು 1859ರಲ್ಲಿ ಹಡಗೇರಿ ಲಂಡನ್ನಿಗೆ ಹೋದವು. ಈಗ ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಚೆನ್ನೈ ಮ್ಯೂಸಿಯಂನಲ್ಲಿ ಒಂದು ಪಾಲಿದೆ. ಒಯ್ಯದಿದ್ದರೆ ಸುಣ್ಣವಾಗುತ್ತಿತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಕಾಪಾಡಲು ಚೆನ್ನೈ ಸಾಕಿತ್ತು, ಲಂಡನ್ ಏಕೆ ಬೇಕಿತ್ತು ಎಂಬುದಕ್ಕೆ ಆ ಮಾತು ಉತ್ತರವಲ್ಲ.

ಮೆಕೆಂಜಿಯ ಬದುಕಿನಲ್ಲಿ ನನಗೆ ಒಪ್ಪಿಕೊಳ್ಳಲಾಗದ ಭಾಗ ಜಾವಾದ್ದು. 1811ರಲ್ಲಿ ಕಂಪನಿ ಜಾವಾ ದ್ವೀಪವನ್ನು ಡಚ್ಚರಿಂದ ಕಿತ್ತುಕೊಂಡಾಗ ಆತ ಅಲ್ಲಿದ್ದ. 1812ರ ಜೂನ್‌ನಲ್ಲಿ ಬ್ರಿಟಿಷರು ಯೋಗ್ಯಕರ್ತದ ಸುಲ್ತಾನರ ಅರಮನೆಗೆ ನುಗ್ಗಿ ಕೊಳ್ಳೆ ಹೊಡೆದರು. ಅರಮನೆಯ ಹಸ್ತಪ್ರತಿಗಳನ್ನು ಪಡೆದವರಲ್ಲಿ ರಾಫಲ್ಸ್, ಕ್ರಾಫರ್ಡ್ ಇವರ ಜೊತೆ ಮೆಕೆಂಜಿಯೂ ಇದ್ದ. ಮೈಸೂರಿನಲ್ಲಿ ಒಂದೊಂದು ಶಾಸನವನ್ನೂ ಕೂಲಿ ಕೊಟ್ಟು ನಕಲು ಮಾಡಿಸಿದ ಅದೇ ಮನುಷ್ಯ! ವಿದ್ಯೆಯ ಮೇಲಿನ ಪ್ರೀತಿ ಎರಡೂ ಕಡೆ ನಿಜವೇ ಇರಬಹುದು, ಆದರೆ ಕೊಳ್ಳೆಯ ಪುಸ್ತಕವನ್ನು ಪ್ರೀತಿಯಿಂದ ಓದಿದರೂ ಅದು ಕೊಳ್ಳೆಯದೇ. 2019ರಲ್ಲಿ ಬ್ರಿಟಿಷ್ ಲೈಬ್ರರಿ ಆ ಅರಮನೆಯ 75 ಹಸ್ತಪ್ರತಿಗಳನ್ನು ಡಿಜಿಟಲ್ ರೂಪಕ್ಕೆ ತಂದು ಅದರ ಪ್ರತಿಗಳನ್ನು ಈಗಿನ ಸುಲ್ತಾನರಿಗೆ ಒಪ್ಪಿಸಿತು. ಮೂಲ ಮಾತ್ರ ಲಂಡನ್ನಿನಲ್ಲೇ ಉಳಿಯಿತು.

1815ರಲ್ಲಿ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಮರುವರ್ಷ ಥಾಮಸ್ ಹಿಕಿ ಬರೆದ ಆತನ ಚಿತ್ರದಲ್ಲಿ ಕೆಂಪು ಕೋಟಿನ ಅಧಿಕಾರಿಯ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಹಿನ್ನೆಲೆಯ ಬೆಟ್ಟದ ಮೇಲೆ ನಮ್ಮ ಗೊಮ್ಮಟ. 1821ರ ಮೇ 8ರಂದು ಕಲ್ಕತ್ತೆಯ ಬಳಿ ಆತ ತೀರಿಕೊಂಡ. ಅಲ್ಲಿನ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಸಮಾಧಿ ಇದೆ. ಹೆಂಡತಿಯಿಂದ ಇಡೀ ಸಂಗ್ರಹವನ್ನು ಕಂಪನಿ ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ವಿಲ್ಸನ್ ಮಾಡಿದ ಪಟ್ಟಿಯಲ್ಲಿ ಶಾಸನದ ಪ್ರತಿಗಳು 8,076, ಸ್ಥಳೀಯ ವೃತ್ತಾಂತಗಳು 2,070, ನಾಣ್ಯಗಳು 6,218, ವಿಗ್ರಹಗಳು 106. ನಾಣ್ಯ ಬಿಟ್ಟರೆ ಬರಹವೇ ರಾಶಿ, ವಸ್ತು ಕಡಿಮೆ.

ಒಡೆಯ ಸತ್ತ ಮೇಲೆ ಲಕ್ಷ್ಮಯ್ಯ ಆ ಕೆಲಸವನ್ನು ತಾನೇ ಮುಂದುವರಿಸುತ್ತೇನೆಂದು ಅರ್ಜಿ ಹಾಕಿದ. ಇಪ್ಪತ್ತು ವರ್ಷ ಊರೂರು ಅಲೆದವನು. ಭಾರತೀಯನಿಗೆ ಅಂಥ ಯೋಗ್ಯತೆ ಇಲ್ಲವೆಂದು ಕಲ್ಕತ್ತೆಯ ವಿದ್ವಾಂಸರು ಅರ್ಜಿಯನ್ನು ತಳ್ಳಿಹಾಕಿದರು. ಕೆಲಸ ಟೇಲರ್ ಎಂಬ ಪಾದ್ರಿಗೆ ಹೋಯಿತು. ಕಲ್ಲು, ಪುಸ್ತಕ ಕಳೆದುಕೊಂಡದ್ದನ್ನು ನಾವು ಆಗಾಗ ಮಾತಾಡುತ್ತೇವೆ. ಈ ಅರ್ಜಿಯ ಸಂಗತಿ ಯಾವ ಪಠ್ಯದಲ್ಲೂ ನನಗೆ ಕಂಡಿಲ್ಲ.

ದಕ್ಷಿಣದ ಭಾಷೆಗಳ ಹಸ್ತಪ್ರತಿಗಳ ಬಹುಪಾಲು ಈಗ ಚೆನ್ನೈನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಏನಾದರೂ ಕೊಡಬೇಕೆಂದಿರುವ ಹಳೆಯ ವಿದ್ಯಾರ್ಥಿಗಳು ಗೋಡೆ ಗಡಿಯಾರದ ಬದಲು ಆ ಪುಸ್ತಕದ ಒಂದು ಪ್ರತಿ ಕೊಟ್ಟರೆ ಒಳ್ಳೆಯದು. ಗಡಿಯಾರಗಳು ಈಗಾಗಲೇ ಏಳೋ ಎಂಟೋ ಇವೆ.