ಬಾಸ್ ಜೋರಾದರೆ ಹಾಡು ಮುಚ್ಚಿಹೋಗಲೇಬೇಕೇ? ಸರ್ ಸಿ.ವಿ. ರಾಮನ್ ಮೃದಂಗದಲ್ಲಿ ಕಂಡ ಉತ್ತರ

ಭೀಮಸಮುದ್ರದ ಗಣಪತಿ ಮೆರವಣಿಗೆಯಿರಲಿ, ಚಿತ್ರದುರ್ಗದ ಮದುವೆ ಛತ್ರವಿರಲಿ, ಡಿಜೆ ಬಾಸ್ ಎದೆ ನಡುಗಿಸಿದರೆ ಹಾಡಿನ ಪದ ಕೇಳುವುದಿಲ್ಲ. ಬಾಸ್ ಬೇಕೆಂದರೆ ಹಾಡು ಬಿಡಲೇಬೇಕು ಎಂದು ಹಲವರು ನಂಬಿದ್ದಾರೆ. ಈ ನಂಬಿಕೆ ತಪ್ಪು ಎನ್ನಲು ನಮ್ಮ ಮೃದಂಗವೇ ಸಾಕ್ಷಿ. ಗಾಯಕರ ಪಕ್ಕದಲ್ಲೇ ಕೂತು ಬಾರಿಸಿದರೂ ಅದು ಹಾಡನ್ನು ಕೆಡಿಸುವುದಿಲ್ಲ. ಅದರ ಹಿಂದಿನ ವಿಜ್ಞಾನವನ್ನು ಬಿಡಿಸಿ ತೋರಿಸಿದವರು ಸರ್ ಸಿ.ವಿ. ರಾಮನ್.

ಲೆಕ್ಕಪತ್ರದ ಅಧಿಕಾರಿ, ನಾದದ ಹುಚ್ಚು

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಗಣಿತ, ಭೌತವಿಜ್ಞಾನ ಕಲಿಸುತ್ತಿದ್ದರು, ಪಿಟೀಲನ್ನೂ ನುಡಿಸುತ್ತಿದ್ದರು. ಮಡದಿ ಲೋಕಸುಂದರಿ ವೀಣೆ ಬಲ್ಲವರು. 1907ರಲ್ಲಿ ರಾಮನ್ ಕಲ್ಕತ್ತದಲ್ಲಿ ಸರ್ಕಾರಿ ಹಣಕಾಸು ಇಲಾಖೆಯ ಕೆಲಸಕ್ಕೆ ಸೇರಿದರು. ಕಚೇರಿಗೆ ಮುನ್ನ, ಕಚೇರಿ ಬಿಟ್ಟ ಮೇಲೆ ಪ್ರಯೋಗಾಲಯದಲ್ಲಿರುತ್ತಿದ್ದರು. ಪಿಟೀಲು, ವೀಣೆ, ತಂಬೂರಿ ಎಲ್ಲವನ್ನೂ ಪರೀಕ್ಷಿಸಿದರು.

ಕರಣೆಯ ಗುಟ್ಟು

ಸಾಮಾನ್ಯ ಡೋಲಿನ ಚರ್ಮ ಒಂದೇ ಸ್ವರ ಕೊಡುವುದಿಲ್ಲ. ಮೂಲ ಸ್ವರ ಸೆಕೆಂಡಿಗೆ 100 ಕಂಪನವಾದರೆ, ಜೊತೆಗೆ ಸುಮಾರು 159, 214, 230 ಕಂಪನಗಳೂ ಏಳುತ್ತವೆ. ಇವು ಒಂದಕ್ಕೊಂದು ಹೊಂದುವುದಿಲ್ಲ, ಹಾಡುವವರ ಶ್ರುತಿಗೂ ಹೊಂದುವುದಿಲ್ಲ. ಮೃದಂಗ, ತಬಲ ಮಾತ್ರ ಹಾಗಲ್ಲ ಎಂದು ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಅವರ ಜೊತೆ ನೇಚರ್ ಪತ್ರಿಕೆಯಲ್ಲಿ ಬರೆದರು.

1930ರಲ್ಲಿ ಬೆಳಕಿನ ಸಂಶೋಧನೆಗೆ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅಷ್ಟು ದೊಡ್ಡ ಹೆಸರು ಬಂದ ಮೇಲೂ ಅವರು ಮೃದಂಗವನ್ನು ಮರೆಯಲಿಲ್ಲ. 1934ರಲ್ಲಿ ಅದರ ಬಗ್ಗೆ ವಿವರವಾದ ಲೇಖನ ಪ್ರಕಟಿಸಿದರು. ಚರ್ಮದ ಮೇಲೆ ನುಣ್ಣನೆ ಮರಳು ಉದುರಿಸಿ ಬಾರಿಸಿದರೆ, ಅಲುಗದ ಗೆರೆಗಳಲ್ಲಿ ಮರಳು ನಿಲ್ಲುತ್ತದೆ. ಚರ್ಮ ಹೇಗೆ ಕಂಪಿಸುತ್ತದೆ ಎಂಬುದು ಅದರಿಂದ ತಿಳಿಯಿತು. ಬಲ ಮುಖದ ಕಪ್ಪು ಕರಣೆ ಅಲಂಕಾರವಲ್ಲ. ಅದರ ಭಾರದಿಂದ ಕಂಪನಗಳು 100, 200, 300, 400, 500 ಎಂದು ಸಾಲಾಗಿ ಬರುತ್ತವೆ, ಆದ್ದರಿಂದ ಶ್ರುತಿಗೆ ಕೂಡುತ್ತವೆ. ಎಡ ಮುಖಕ್ಕೆ ಮೆತ್ತುವ ಹಸಿ ರವೆಯ ಮುದ್ದೆ ಬಾಸ್ ಕೊಡುತ್ತದೆ.

ಹಾಗಾದರೆ ಡಿಜೆ ಏನು ಮಾಡಬೇಕು?

ವಾಲ್ಯೂಮ್ ಏರಿಸುವುದಕ್ಕಿಂತ ಮೊದಲು ಪ್ರತಿ ಸ್ವರಕ್ಕೂ ಜಾಗ ಬಿಡಬೇಕು. ಕಿವಿಯ ಒಳಗೆ ತಗ್ಗು ಸ್ವರ ಜೋರಾದರೆ ಮೇಲಿನ ಸ್ವರಗಳನ್ನು ಮುಚ್ಚುತ್ತದೆ. ಗಾಯನದ ಮೈಕಿನಲ್ಲಿ ಸುಮಾರು 80–100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ, ಆ ಜಾಗವನ್ನು ಬಾಸ್‌ಗೆ ಬಿಡಿ. ಬಾಸ್‌ನಲ್ಲಿ 200–400 ಹರ್ಟ್ಜ್ ಸ್ವಲ್ಪ ಇಳಿಸಿ. ಬಾಸ್‌ನ ಪೆಟ್ಟು ಉಳಿಯುತ್ತದೆ, ಮಾತೂ ಕೇಳುತ್ತದೆ.

ರಾಮನ್ 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಒಂದು ಮಾತು ನೆನಪಿರಲಿ: ಕರಣೆಯನ್ನು ಕಂಡುಹಿಡಿದವರು ರಾಮನ್ ಅಲ್ಲ. ಹೆಸರು ಉಳಿಯದ ವಾದ್ಯ ತಯಾರಕರು ಕಿವಿಯನ್ನೇ ನಂಬಿ ಅದನ್ನು ಮಾಡಿದ್ದರು. ಅವರ ಕೈಕೆಲಸದಲ್ಲಿ ವಿಜ್ಞಾನವಿದೆ ಎಂದು ಜಗತ್ತಿಗೆ ತೋರಿಸಿದ್ದು ರಾಮನ್.

ಮುಂದಿನ ಮೆರವಣಿಗೆಗೆ ಮುನ್ನ ಇದನ್ನು ನಿಮ್ಮೂರ ಡಿಜೆಯವರಿಗೂ ಕಳುಹಿಸಿ.