ಫಿಲ್ಮಿನ ಬೆಲೆ, ಹಕ್ಕಿಯ ಬೆಲೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಕಳೆದ ವರ್ಷ ಅಕ್ಕನ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಬೆಂಗಳೂರಿನಲ್ಲಿ ನೌಕರಿಗೆ ಸೇರಿದ ಹೊಸತರಲ್ಲೇ ಆತ ಉದ್ದನೆಯ ಲೆನ್ಸಿನ ಕ್ಯಾಮೆರಾ ಕೊಂಡಿದ್ದ. ವನ್ಯಜೀವಿ ಛಾಯಾಗ್ರಹಣ ಕಲಿಯಬೇಕೆಂಬುದು ಅವನ ಹಂಬಲ. ಕೆರೆಯೊಳಗಿನ ಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆಗಳ ಸಂಸಾರ. ಅರ್ಧ ಗಂಟೆಯಲ್ಲಿ ಹುಡುಗ ಎಂಟುನೂರು ಚಿತ್ರ ತೆಗೆದ. ಅಷ್ಟಕ್ಕೂ ತೃಪ್ತಿಯಾಗದೆ ಏರಿಯಿಂದ ಇಳಿದು ಗೂಡುಗಳತ್ತ ನಡೆದ. ಒಮ್ಮೆಲೇ ನೂರಾರು ಹಕ್ಕಿಗಳು ಮೇಲೆದ್ದವು. ಕುರಿ ಕಾಯುತ್ತಿದ್ದ ವೃದ್ಧರೊಬ್ಬರು ಗದರಿಸಿ ಅವನನ್ನು ಹಿಂದಕ್ಕೆ ಕರೆದರು. ಆ ಕೆಲಸ ನಾನು ಮಾಡಬೇಕಿತ್ತು, ಮಾಡಲಿಲ್ಲ. ನಾನೂ ಅವನ ಕ್ಯಾಮೆರಾದ ಪರದೆಯನ್ನೇ ನೋಡುತ್ತಾ ಮೈಮರೆತಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಈ ಭಾಗದಲ್ಲಿ ಕಂದಾಯ ಇಲಾಖೆಯ ಅಧಿಕಾರಿಯಾಗಿದ್ದೆ. ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಕೊಟ್ಟೂರು ಇನ್ನೂ ತಾಲ್ಲೂಕಾಗಿರಲಿಲ್ಲ. ಬರಗಾಲದ ಕಡತ ಹಿಡಿದು ಜೀಪಿನಲ್ಲಿ ಈ ಊರುಗಳನ್ನೆಲ್ಲ ಸುತ್ತಿದೆ. ಕುರುಚಲು ಕಾಡಿನಲ್ಲಿ ನನಗೆ ಕಂಡದ್ದು ಎಕರೆ ಗುಂಟೆಗಳ ಲೆಕ್ಕ ಮಾತ್ರ. ಹಳೆಯ ಸಂಡೂರು ಸಂಸ್ಥಾನದಲ್ಲಿ ದುಡಿದಿದ್ದ ಹಿರಿಯರೊಬ್ಬರು ಆಗಲೇ ನನಗೆ ಎಂ. ಕೃಷ್ಣನ್ ಅವರ ಹೆಸರು ಹೇಳಿದ್ದರು. ನನ್ನಂತೆಯೇ ಇಲ್ಲಿ ಕಡತ ನೋಡಿದ ನೌಕರ, ಆದರೆ ನನಗೆ ಕಾಣದ್ದನ್ನು ಕಂಡವರು. ಅಂಕಸಮುದ್ರದ ಏರಿಯ ಮೇಲೆ ನನಗೆ ನೆನಪಾದವರು ಅವರೇ.

ಕೃಷ್ಣನ್ ಹುಟ್ಟಿದ್ದು 1912ರ ಜೂನ್ 30ರಂದು, ತಿರುನೆಲ್ವೇಲಿಯಲ್ಲಿ. ತಂದೆ ಎ. ಮಾಧವಯ್ಯ ತಮಿಳಿನ ಆದ್ಯ ಕಾದಂಬರಿಕಾರರಲ್ಲೊಬ್ಬರು. ಹದಿಮೂರರ ವಯಸ್ಸಿಗೇ ಮಗ ತಂದೆಯನ್ನು ಕಳೆದುಕೊಂಡ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು ಪ್ರೊ. ಫೈಸನ್. ಗುರುವಿನೊಡನೆ ಬೆಟ್ಟ ಹತ್ತಿಳಿದ ಶಿಷ್ಯ ಗಿಡಮರಗಳನ್ನು ಹತ್ತಿರದಿಂದ ನೋಡುವುದನ್ನು ಕಲಿತ. ಬಳಿಕ ಕಾನೂನು ಪದವಿಯೂ ಆಯಿತು. ಆದರೆ ನೆಲೆಯಾದ ಉದ್ಯೋಗ ಮಾತ್ರ ದೊರೆಯಲಿಲ್ಲ. ಮುದ್ರಣಾಲಯ, ಆಕಾಶವಾಣಿ ಎಂದು ಅಲೆದ ಮೇಲೆ 1942ರಲ್ಲಿ ಅವರನ್ನು ಕರೆದದ್ದು ಸಂಡೂರು.

ಸಂಡೂರು ಸುಮಾರು 160 ಚದರ ಮೈಲಿಯ ಪುಟ್ಟ ಸಂಸ್ಥಾನ, ಕೂಡ್ಲಿಗಿಯ ನೆರೆ. ಅಲ್ಲಿ ಕೃಷ್ಣನ್ ಶಾಲಾ ಶಿಕ್ಷಕರಾದರು, ನ್ಯಾಯಾಧೀಶರಾದರು, ಪ್ರಚಾರಾಧಿಕಾರಿಯಾದರು, ಅರಸರ ರಾಜಕೀಯ ಕಾರ್ಯದರ್ಶಿಯೂ ಆದರು. ಒಬ್ಬನೇ ವ್ಯಕ್ತಿಗೆ ಇಷ್ಟೊಂದು ಹೊಣೆ ಹೊರಿಸುವುದು ಸಣ್ಣ ಸಂಸ್ಥಾನಗಳಿಗೆ ಹೊಸದೇನಲ್ಲ. ಅವರ ನಿಜವಾದ ವಿದ್ಯಾಭ್ಯಾಸ ನಡೆದದ್ದು ಮಾತ್ರ ಕಚೇರಿಯ ಹೊರಗೆ. ಬಿಡುವಾದಾಗಲೆಲ್ಲ ಬೆಟ್ಟಗಳಲ್ಲಿ ಅಡ್ಡಾಡಿದರು. ಕುರಿ ಮೇಯಿಸಿ ನೋಡಿದರು. ಅಂಚೆ ಒಯ್ಯುವ ಪಾರಿವಾಳಗಳನ್ನು ಸಾಕಿದರು. ನರಿ, ಕರಡಿ, ಹಕ್ಕಿಗಳ ದಿನಚರಿಯನ್ನು ಅರಿಯಲು ನಡಿಗೆಗಿಂತ ಒಳ್ಳೆಯ ಪಾಠಶಾಲೆ ಉಂಟೇ? ಹೀಗೆ ಏಳು ವರ್ಷ ಪಳಗಿದ ಕಣ್ಣೇ ಮುಂದೆ ಅವರ ಬಂಡವಾಳವಾಯಿತು.

1949ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಕೃಷ್ಣನ್ ಮತ್ತೆ ಸರ್ಕಾರಿ ಚಾಕರಿಗೆ ಹೋಗಲಿಲ್ಲ. ಮದ್ರಾಸಿಗೆ ಮರಳಿ, ಬರಹ ಮತ್ತು ಛಾಯಾಚಿತ್ರಗಳನ್ನೇ ನೆಚ್ಚಿ ಬದುಕಿದರು. ಪಿಂಚಣಿಯ ಭರವಸೆಯಲ್ಲಿ ಮೂರು ದಶಕ ಕಳೆದ ನನ್ನಂಥವನಿಗೆ ಆ ನಿರ್ಧಾರದ ಭಾರ ಚೆನ್ನಾಗಿ ತಿಳಿಯುತ್ತದೆ. 1950ರಲ್ಲಿ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಆರಂಭವಾದ ಅವರ ‘ಕಂಟ್ರಿ ನೋಟ್‌ಬುಕ್’ ಅಂಕಣ 46 ವರ್ಷ ನಡೆಯಿತು.

ಅವರ ಕ್ಯಾಮೆರಾದ ಕಥೆಯೇ ಸ್ವಾರಸ್ಯಕರ. ಒಂದು ಕಂಪನಿಯ ಕ್ಯಾಮೆರಾಕ್ಕೆ ಮತ್ತೊಂದರ ಲೆನ್ಸನ್ನು ಜೋಡಿಸಿ, ಬಿಡಿಭಾಗಗಳನ್ನು ಹೊಂದಿಸಿ ಕಟ್ಟಿಸಿದ ಭಾರೀ ಯಂತ್ರವದು. ಅದಕ್ಕೆ ‘ಸೂಪರ್ ಪಾಂಡೆರೋಸಾ’ ಎಂಬ ಗತ್ತಿನ ಹೆಸರಿಟ್ಟಿದ್ದರು. ತೆಗೆದದ್ದು ಕಪ್ಪು-ಬಿಳುಪಿನ ಚಿತ್ರಗಳನ್ನು. ಆದರೂ ಕಾಡಾನೆಗಳ ಹಿಂಡಿನೊಳಗಿನ ಸಂಬಂಧಗಳನ್ನು ಆ ಕಾಲದಲ್ಲಿ ಅವರಷ್ಟು ಸೂಕ್ಷ್ಮವಾಗಿ ಹಿಡಿದವರು ವಿರಳ. 1968ರಲ್ಲಿ ದೊರೆತ ನೆಹರೂ ಫೆಲೋಶಿಪ್ಪಿನ ನೆರವಿನಿಂದ ದಕ್ಷಿಣ ಭಾರತದ ಸಸ್ತನಿಗಳ ಸಮೀಕ್ಷೆ ನಡೆಸಿದರು. ಪದ್ಮಶ್ರೀಯೂ ಬಂತು. 1996ರ ಫೆಬ್ರುವರಿ 18ರಂದು ಕಣ್ಮುಚ್ಚಿದರು. ಅವರ ಕೊನೆಯ ಅಂಕಣ ಅಚ್ಚಾದದ್ದೂ ಅದೇ ದಿನ.

ಅವರು ಸಂಡೂರಿನಲ್ಲಿದ್ದ ವರ್ಷಗಳಲ್ಲೇ ಅಲ್ಲಿನ ಅರಮನೆಯಲ್ಲಿ ಬೆಳೆಯುತ್ತಿದ್ದ ಹುಡುಗ ಎಂ.ವೈ. ಘೋರ್ಪಡೆ. ಮುಂದೆ ರಾಜ್ಯದ ಹಣಕಾಸು ಸಚಿವರಾದ ಅವರೂ ವನ್ಯಜೀವಿ ಛಾಯಾಗ್ರಾಹಕರಾಗಿ ಹೆಸರಾದರು. ಒಂದು ಸಣ್ಣ ಊರಿಗೆ ಇದು ಕಡಿಮೆ ಹೆಮ್ಮೆಯಲ್ಲ.

ಅರ್ಥಶಾಸ್ತ್ರ ಓದಿದವನಾದ್ದರಿಂದ ನನಗೆ ಇಲ್ಲೊಂದು ಲೆಕ್ಕ ಕಾಣುತ್ತದೆ. ಫಿಲ್ಮಿನ ಕಾಲದಲ್ಲಿ ಪ್ರತಿಯೊಂದು ಕ್ಲಿಕ್ಕಿಗೂ ಬೆಲೆಯಿತ್ತು. ಅದನ್ನು ತೆರುವವನು ಛಾಯಾಗ್ರಾಹಕ. ಆದ್ದರಿಂದ ಆತ ಕಾಯುತ್ತಿದ್ದ. ಕಾಯುತ್ತಾ ಪ್ರಾಣಿಯನ್ನು ಅರಿಯುತ್ತಿದ್ದ. ಇಂದು ಎಂಟುನೂರನೆಯ ಚಿತ್ರಕ್ಕೂ ಖರ್ಚಿಲ್ಲ. ಹಾಗೆಂದು ಬೆಲೆ ಮಾಯವಾಗಿಲ್ಲ, ಅದನ್ನು ತೆರುವವರು ಬದಲಾಗಿದ್ದಾರೆ. ನಡುಹಗಲಲ್ಲಿ ತಾಯಿ ಕೊಕ್ಕರೆ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳಾಗುತ್ತದೆ. ಅದು ಬೆದರಿ ಎದ್ದರೆ ಮರಿ ಬಿಸಿಲಿಗೆ ಬೀಳುತ್ತದೆ, ಮೊಟ್ಟೆ ಕಾಗೆಯ ಪಾಲಾಗುತ್ತದೆ. ನಮ್ಮ ಹುಡುಗನ ಒಂದು ಚಿತ್ರದ ಖರ್ಚು ಆ ಗೂಡಿನ ಲೆಕ್ಕಕ್ಕೆ ಬೀಳುತ್ತಿತ್ತು.

ಇದನ್ನು ಊರವರು ನಮಗಿಂತ ಮೊದಲೇ ಅರಿತಿದ್ದಾರೆ. ತಮಿಳುನಾಡಿನ ವೇಡಂತಾಂಗಲ್ ಕೆರೆಯ ಹಕ್ಕಿಗಳನ್ನು ಹಳ್ಳಿಗರು ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದಾರೆ. ಹಿಕ್ಕೆ ಬೆರೆತ ನೀರು ಗದ್ದೆಗೆ ಗೊಬ್ಬರವೆಂದು ಅವರಿಗೆ ಗೊತ್ತು. ಕೃಷ್ಣನ್ ಆ ಕೆರೆಯ ಬಗ್ಗೆಯೂ ಬರೆದವರು. ಅಂಕಸಮುದ್ರ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಹೆಸರು ದೊಡ್ಡದಾದಂತೆ ಕ್ಯಾಮೆರಾ ಹೊತ್ತವರ ಸಂಖ್ಯೆಯೂ ಹೆಚ್ಚುತ್ತದೆ. ಫಲಕ, ಬೇಲಿ, ದಂಡಗಳಿಂದ ಅಷ್ಟಿಷ್ಟು ಹತೋಟಿ ಸಾಧ್ಯ. ಆದರೆ ದೂರ ನಿಲ್ಲುವ ಸಂಯಮವನ್ನು ಆದೇಶ ಹೊರಡಿಸಿ ತರಲಾಗದೆಂಬುದು ಆದೇಶಗಳನ್ನು ಬರೆದೇ ಆಯುಷ್ಯ ಕಳೆದ ನನ್ನ ಅನುಭವ.

ಹೊಸದಾಗಿ ಕಲಿಯುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ: ಮೊದಲು ಕೆಲವು ತಿಂಗಳು ಬರಿಗೈಯಲ್ಲಿ ಹೋಗಿ, ಒಂದೇ ಕೆರೆಗೆ, ಒಂದೇ ಗುಡ್ಡಕ್ಕೆ. ಹಕ್ಕಿ ಯಾವಾಗ ಬೆದರುತ್ತದೆಂದು ತಿಳಿದ ಮೇಲೆ ಕ್ಯಾಮೆರಾ ತೆಗೆಯಿರಿ.

ಅಂದು ಏರಿಯ ಮೇಲೆ ಮೊಮ್ಮಗ ಕ್ಯಾಮೆರಾವನ್ನು ಚೀಲದೊಳಗಿಟ್ಟು ಆ ಕುರಿಗಾಹಿಯ ಪಕ್ಕದಲ್ಲಿ ಕುಳಿತ. ಬಹಳ ಹೊತ್ತಿನ ಮೇಲೆ ಹಕ್ಕಿಗಳು ಒಂದೊಂದಾಗಿ ಗೂಡಿಗೆ ಇಳಿದವು. ಯಾವ ಹಕ್ಕಿ ಯಾವ ಕೊಂಬೆಗೆ ಮರಳುತ್ತದೆಂದು ವೃದ್ಧರು ಬೆರಳು ತೋರಿಸಿ ಹೇಳುತ್ತಿದ್ದರು. ಆ ಇಳಿಯುವ ದೃಶ್ಯದ ಒಂದು ಚಿತ್ರವೂ ನಮ್ಮ ಬಳಿ ಇಲ್ಲ. ಹುಡುಗ ಇಂದಿಗೂ ಮಾತಾಡುವುದು ಅದರ ಬಗ್ಗೆಯೇ.